ಮುಟ್ಟಬಾರದ ಕಾರು

ಅದು ಕರೆಂಟಿನಲ್ಲಿ ಓಡುವ ರೇಸ್ ಕಾರು, ಇಪ್ಪತ್ತನಾಲ್ಕು ಗಂಟೆ ನಡೆಯುವ ಪಂದ್ಯಕ್ಕೆಂದೇ ರೂಪಿಸಿದ್ದು. ವಿಡಿಯೋ ಗೇಮಿನಲ್ಲಿ ಅದನ್ನು ಅವನಷ್ಟು ಚೆನ್ನಾಗಿ ಓಡಿಸುವವರು ಇಡೀ ರಾಜ್ಯದಲ್ಲೇ ಇರಲಿಲ್ಲ. ಆ ಆಟದ ಸ್ಪರ್ಧೆ ಗೆದ್ದ ಅವನಿಗೆ ವಾಹನ ಮೇಳದಲ್ಲಿ ಅಸಲಿ ಕಾರಿನಲ್ಲೇ ಕೂತು ವೇದಿಕೆಗೆ ಬರುವ ಬಹುಮಾನ. ಕಾಲು ನೆಲದ ಮೇಲೆ ನಿಲ್ಲದಷ್ಟು ಜಂಬ ಅವನಿಗೆ. "ಆಟದ ಡ್ರೈವರ್" ಎಂದು ಆಡಿಕೊಂಡಿದ್ದವರನ್ನೆಲ್ಲ ಕರೆಸಿ, ಮುಂದಿನ ಸಾಲಿನಲ್ಲೇ ಕೂರಿಸಿದ್ದ.

ಪರದೆಯ ಹಿಂದೆ ಹೆಂಗಸೊಬ್ಬಳು ಕಾರಿನ ಬಾಗಿಲು ಒರೆಸುತ್ತಿದ್ದಳು.

"ಏಯ್, ಕೈ ತೆಗಿ! ಗಂಟೆಗೆ ಮುನ್ನೂರು ಕಿಲೋಮೀಟರ್ ಓಡೋ ಗಾಡಿ ಇದು. ಮೈ ತಿಕ್ಕೋಕೆ ನಿಮ್ಮನೆ ಎಮ್ಮೆ ಅಂದ್ಕೊಂಡ್ಯಾ?"

"ಧೂಳು ಕೂತಿತ್ತು ಸ್ವಾಮಿ."

"ನಿಮ್ಮಂಥೋರ ಕೈ ಇದಕ್ಕೆ ತಾಗಲೇಬಾರದು. ನೀವೂ ಅಷ್ಟೇ, ದೂರ ನಿಲ್ಲಿ!" ಹಿಂದೆ ನಿಂತಿದ್ದ ಐದು ಜನ ಕೂಲಿಯವರಿಗೂ ಗದರಿದ.

"ಆಗಲಿ ಸ್ವಾಮಿ" ಎಂದು ಅವಳು ಬಟ್ಟೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅವನು ಒಳಗೆ ಕೂತ. ಪರದೆ ಸರಿಯಿತು, ಚಪ್ಪಾಳೆ ಬಿತ್ತು. ಗುಂಡಿ ಒತ್ತಿದ, ಮತ್ತೆ ಒತ್ತಿದ, ಪೆಡಲ್ ತುಳಿದ. ಕಾರು ಮಿಸುಕಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಯಾರ್ರೀ ಅಲ್ಲಿ, ಇದನ್ನ ಚಾರ್ಜ್ ಮಾಡಿಲ್ವಾ?" ಬೆವರು ಒರೆಸಿಕೊಳ್ಳುತ್ತಾ ಕೂಗಿದ.

ಅವಳು ಕಿಟಕಿಯ ಹತ್ತಿರ ಬಗ್ಗಿದಳು.

"ಇದು ನೋಡೋಕೆ ಅಂತ ಮಾಡಿರೋ ಬೊಂಬೆ ಸ್ವಾಮಿ, ಓಡೋದು ನಿಮ್ಮ ಆಟದಲ್ಲಿ ಮಾತ್ರ. ಪ್ರತಿ ಮೇಳದಲ್ಲೂ ಇದನ್ನ ವೇದಿಕೆಗೆ ತಳ್ಳೋದು ನಾವು ಆರು ಜನ. ಈಗ ಮುಟ್ಟಬಹುದಾ?"