ಬಾವಿಯ ಅಳತೆ

ಕಲ್ಲು ಕಟ್ಟಿ ಇಳಿಬಿಟ್ಟ ಹಗ್ಗ ಬಾವಿಯ ತಳ ಮುಟ್ಟಿ ಸಡಿಲಾಯಿತು. ಹೊಸ ಮೋಟರು ಇಳಿಸಲು ಎಷ್ಟು ಹಗ್ಗ ಬೇಕೆಂದು ಗೊತ್ತಾಗಬೇಕಿತ್ತು. ಮರಿಸಿದ್ದಯ್ಯ ಕಟ್ಟೆಯ ಮಟ್ಟಕ್ಕೆ ಗುರುತಿನ ಗಂಟು ಹಾಕಿದ. ಅಪ್ಪ ಮಗಳು ಇಬ್ಬರೂ ಸೇರಿ ಹಗ್ಗ ಮೇಲಕ್ಕೆಳೆದರು. ಮಾರು ಹಾಕಿ ಅಳೆಯೋಣವೆಂದು ಅವನು ತೋಳು ಚಾಚಿದರೆ ಬಲಗಡೆಯ ರಟ್ಟೆ ಎದೆಯ ಮಟ್ಟಕ್ಕೂ ಏಳಲಿಲ್ಲ. ಬೇಸಿಗೆಯಿಂದ ಹಿಡಿದುಕೊಂಡ ನೋವು ಇನ್ನೂ ಬಿಟ್ಟಿರಲಿಲ್ಲ.

“ನೀನೇ ಹಾಕವ್ವ” ಎಂದು ಹಗ್ಗದ ತುದಿಯನ್ನು ಮಗಳ ಕೈಗೆ ಕೊಟ್ಟ.

ಶೋಭಿತಾ ಮಳವಳ್ಳಿಯ ಗಂಡನ ಮನೆ ಬಿಟ್ಟು ಬಂದು ಎರಡು ಮಳೆಗಾಲ ಕಳೆದಿತ್ತು. ಕೋರ್ಟಿನಲ್ಲಿ ಬಿಡುಗಡೆಯೂ ಆಗಿತ್ತು. ಭಾರತೀನಗರದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಪಾಠ ಹೇಳುವ ಕೆಲಸ ಸಿಕ್ಕಿ, ಈಚೆಗೆ ಕಣ್ತುಂಬ ನಿದ್ದೆಯೂ ಬರುತ್ತಿತ್ತು. ಅವ್ವ ಅತ್ತು, ಬೈದು, ಹಗುರಾಗಿದ್ದಳು. ಅಪ್ಪ ಮಾತ್ರ ಅವಳು ಬಂದ ದಿನ “ಕಾಲು ತೊಳ್ಕಂಡು ಉಣ್ಣವ್ವ” ಅಂದದ್ದು ಬಿಟ್ಟರೆ ಆ ಸುದ್ದಿಯನ್ನೇ ಎತ್ತಿರಲಿಲ್ಲ. ಅದು ಬೇಜಾರೋ, ಊರವರ ಮುಂದಿನ ನಾಚಿಕೆಯೋ, ಏನೂ ಇಲ್ಲವೋ ಅವಳಿಗೆ ತಿಳಿಯದು.

ಅವಳು ಎರಡೂ ತೋಳು ಅಗಲಿಸಿ, ಎದೆಯ ಮೇಲೆ ಹಾಯುವಂತೆ ಹಗ್ಗ ಎಳೆಯುತ್ತಾ ಎಣಿಸಿದಳು. ಎಂಟಕ್ಕೆ ಗಂಟು ಬಂತು. ಅಷ್ಟರಲ್ಲಿ ಏನೋ ನೆನಪಾಗಿ ನಕ್ಕಳು. ಅಪ್ಪ ಯಾಕೆಂದು ಕೇಳಿದ.

ಹಿಂದಿನ ದಿನ ಪಾಠದಲ್ಲಿ ‘ಫ್ಯಾದಮ್’ ಎಂಬ ಮಾತು ಬಂದಿತ್ತಂತೆ. ಆಳವಾದ ಸಂಗತಿಯನ್ನು ಪೂರ್ತಿ ಅರ್ಥ ಮಾಡಿಕೊಳ್ಳುವುದು ಎಂದು ಮಕ್ಕಳಿಗೆ ಬರೆಸಿದ್ದಳು. ಆಮೇಲೆ ನಿಘಂಟು ತೆಗೆದು ನೋಡಿದರೆ ಅದು ಹಡಗಿನವರ ಅಳತೆ. ಹಗ್ಗಕ್ಕೆ ತೂಕ ಕಟ್ಟಿ ಸಮುದ್ರಕ್ಕೆ ಬಿಟ್ಟು, ಮೇಲೆಳೆದು, ತೋಳು ಚಾಚಿ ಅಳೆಯುತ್ತಿದ್ದರಂತೆ.

“ಅವ್ರೂ ಮಾರು ಹಾಕ್ತಿದ್ರಾ?” ಮರಿಸಿದ್ದಯ್ಯನಿಗೆ ಖುಷಿಯಾಯಿತು.

“ಊಂ. ಅದಕ್ಕೂ ಮುಂಚೆ, ಮೊದಮೊದಲು, ಆ ಮಾತಿಗೆ ತಬ್ಕೊಳ್ಳೋದು ಅಂತ್ಲೇ ಅರ್ಥವಂತೆ.”

ಮರಿಸಿದ್ದಯ್ಯ ಒದ್ದೆ ಹಗ್ಗವನ್ನು ನೋಡುತ್ತಾ ಕೂತ. ತಬ್ಬುವ ತೋಳು ಅಳೆಯುವ ತೋಳಾಗಿ, ಅಳೆಯುವುದೇ ಅರಿಯುವುದಾದ ಬಗೆಯನ್ನು ಅವಳು ತನಗೇ ಎಂಬಂತೆ ಹೇಳಿಕೊಂಡಳು. ಹೇಳುತ್ತಾ ಹೇಳುತ್ತಾ, ಇಷ್ಟು ದಿನ ಬಾಯಿಗೆ ಬಾರದ್ದು ಬಂದೇಬಿಟ್ಟಿತು.

“ನಾನು ವಾಪಸ್ ಬಂದಿದ್ದು ನಿಂಗೆ ಬೇಜಾರಾಗಿದ್ರೆ ಹೇಳ್ಬುಡಪ್ಪ. ನಿನ್ ಮನಸ್ಸೇ ನಂಗೆ ಗೊತ್ತಾಗ್ತಿಲ್ಲ.”

ಅವನು ಹಗ್ಗವನ್ನು ಸುರುಳಿ ಸುತ್ತತೊಡಗಿದ. ಒಂದೇ ಕೈಯಲ್ಲಿ ಅದು ಸರಿಯಾಗಿ ಕೂರದೆ ಜಾರುತ್ತಿತ್ತು. ಅವಳೂ ಬಗ್ಗಿ ಇನ್ನೊಂದು ಕಡೆ ಹಿಡಿದಳು.

ಪಕ್ಕದ ಗದ್ದೆಯ ಚೌಡಯ್ಯ ದನಕ್ಕೆ ಕಬ್ಬಿನ ಸೋಗೆಯ ಹೊರೆ ಹೊತ್ತು ಬರುತ್ತಿದ್ದವನು ಬದುವಿನ ಮೇಲೆ ನಿಂತ. ಮರಿಸಿದ್ದಯ್ಯನ ಜೊತೆಗೇ ಆಡಿ ಬೆಳೆದವನು.

“ಎಷ್ಟು ಬಂತ್ಲಾ ಆಳ?”

“ಎಂಟು ಮಾರು.”

“ಎಂಟಾ? ಏಳಲ್ವೇನ್ಲಾ? ಮೊದ್ಲಿಂದ್ಲೂ ನೀನು ಏಳೇ ಅಂತಿದ್ದೆ.”

“ಅದು ನನ್ ಮಾರು ಕಣ್ಲಾ” ಎಂದ ಮರಿಸಿದ್ದಯ್ಯ, ಸುರುಳಿಯಿಂದ ತಲೆಯೆತ್ತದೆ. “ಇನ್ಮೇಲೆ ಈ ಬಾವಿಗೆ ನನ್ ಮಗಳ ಮಾರೇ ಲೆಕ್ಕ.”