ಚನ್ನವೀರಯ್ಯನವರ ಕೈಗುಣ

ಅಣಬೆ ಬೆಳೆಯುವ ಹುಲ್ಲಿಗೆ ಯಾರು ನೀರು ಚಿಮುಕಿಸುತ್ತಾರೋ, ಅಣಬೆಗೆ ಅವರದೇ ಮುಖ ಬರುತ್ತದೆ. ಗಂಡನ ಮುಖ ಹೆಚ್ಚಲು ಮನಸ್ಸು ಬಾರದೆ, ವಠಾರದ ಹೆಂಗಸರೆಲ್ಲ ನೀರು ಹಾಕಲು ಓನರ್ ಚನ್ನವೀರಯ್ಯನವರನ್ನೇ ಕರೆಯುತ್ತಿದ್ದರು. ಓನರ್ ಮುಖವಾದರೆ ಚಾಕು ತಾನಾಗೇ ಓಡುತ್ತಿತ್ತು. "ಎಲ್ಲಾ ನಿಮ್ಮ ಕೈಗುಣ ಸಾರ್!" ಎಂದರೆ ಅವರು ಉಬ್ಬಿಹೋಗುತ್ತಿದ್ದರು.

ಇಂದು ಮಾತ್ರ ಇಂದ್ರಾಣಿಗೆ ಫಜೀತಿ. ಬೆಳಿಗ್ಗೆಯಷ್ಟೇ ಅವರು ಅವಳ ಅಳುವ ಮಗುವನ್ನೆತ್ತಿ ಆಡಿಸಿದ್ದರು. ಈಗ ಬುಟ್ಟಿ ತುಂಬ ಚನ್ನವೀರಯ್ಯಂದಿರು ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದರು. ಚಾಕು ಓಡಲಿಲ್ಲ. ಊರಿಂದ ಬಂದ ಅತ್ತೆ ಹಸಿದು ಕೂತಿದ್ದರು. ಮನೆಯಲ್ಲಿ ಬೇರೆ ತರಕಾರಿಯಿರಲಿಲ್ಲ.

ಅಷ್ಟರಲ್ಲಿ ಮಹಡಿಯಿಂದ ಕೂಗು ಬಂತು: "ಇಂದ್ರಾಣಮ್ಮ, ನಾಳೆಯಿಂದ ಟೆರೇಸಲ್ಲಿ ಬಟ್ಟೆ ಒಣಗಾಕ್ಬೇಡಿ! ನೀರೂ ಒಂದೇ ಹೊತ್ತು ಬಿಡೋದು!"

"ಆಯ್ತು ಸಾರ್," ಎಂದು ಇಂದ್ರಾಣಿ ಚಾಕು ಎತ್ತಿದಳು. "ಅತ್ತೇ, ಸಾರಿನ ಜತೆ ಪಲ್ಯನೂ ಮಾಡ್ತೀನಿ. ಸಣ್ಣಗೆ ಕೊಚ್ಚಿ."