ಮಂಗಳನಲ್ಲಿ ಮಿಕ್ಕ ಹೊತ್ತು

ಮಂಗಳನ ದಿನ ಭೂಮಿಯ ದಿನಕ್ಕಿಂತ ಅರ್ಧ ತಾಸಿಗಿಂತ ತುಸು ಹೆಚ್ಚು ಉದ್ದ. ಆ ಮಿಕ್ಕ ಹೊತ್ತು ಮಧ್ಯಾಹ್ನದ ಊಟವಾದ ಮೇಲೆ ಬರುತ್ತಿತ್ತು. ಗಡಿಯಾರದಲ್ಲಿ ಅದಕ್ಕೊಂದು ಹೆಸರಿಲ್ಲದ್ದರಿಂದ ಅಲ್ಲಿನ ಗಾಜಿನ ತೋಟದ ಮೇಲ್ವಿಚಾರಕ ಮಡಿವಾಳಪ್ಪ ಅದನ್ನೂ ದುಡಿಮೆಗೇ ಸೇರಿಸಿಬಿಟ್ಟಿದ್ದ. ಗಡಿಯಾರದ ಸಾಫ್ಟ್‌ವೇರನ್ನು ಕನ್ನಡಕ್ಕೆ ಒಗ್ಗಿಸುವವರು ಭೂಮಿಯಿಂದ ಕೇಳಿದ್ದರು: "ಆ ಹೊತ್ತಿಗೆ ನಿಮ್ಮಲ್ಲಿ ಏನಂತಾರೆ?" ತೋಟದಲ್ಲಿ ದುಡಿಯುವ ನೀಲವ್ವ ಉತ್ತರ ಕಳಿಸಿದ್ದಳು.

ಇವತ್ತು ಗಡಿಯಾರಕ್ಕೆ ಆ ಹೊಸ ಆವೃತ್ತಿ ಬಂತು. ಊಟ ಮುಗಿದರೂ ಎಲ್ಲರೂ ವೀಳ್ಯದ ಬಳ್ಳಿಯ ಕೆಳಗೆ ಕೂತೇ ಇದ್ದರು.

"ಏಳ್ರಿ, ಕೆಲಸ ಐತಿ," ಎಂದ ಮಡಿವಾಳಪ್ಪ.

"ಗಡಿಯಾರ ನೋಡ್ರಿ ಸಾಹೇಬ್ರ," ಎಂದಳು ನೀಲವ್ವ.

ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಹೊಳೆಯುತ್ತಿತ್ತು: ಎಲಿ-ಅಡಿಕಿ ಹೊತ್ತು.

ಗಡಿಯಾರ ಹೇಳಿದ ಮೇಲೆ ಮುಗಿಯಿತು. ಮಡಿವಾಳಪ್ಪ ಚಕ್ಕಳಮಕ್ಕಳ ಹಾಕಿ ಕೂತು ಅಂಗೈ ಚಾಚಿದ.

"ಸುಣ್ಣ ಕಡಿಮಿ ಹಚ್ಚಬೇ ಯವ್ವಾ."